ವೈಫೈ ಬಾಗಿಲಲ್ಲಿ ಒಂದೇ ಪ್ರಶ್ನೆ: 'ನಿಮ್ಮ ನಂಬರ್ ಕೊಡಿ'

ಸಾರ್ವಜನಿಕ ವೈಫೈಗೆ ಸೇರುವ ಮುನ್ನ ನಾವೆಲ್ಲ ಒಂದು ದೃಢೀಕರಣ ಸರ್ವರನ್ನು ದಾಟಿಯೇ ಹೋಗುತ್ತೇವೆ. ಅದನ್ನು ಹೇಗೆ ಕಟ್ಟಬೇಕು ಅನ್ನೋದನ್ನ ಎಂಜಿನಿಯರ್‌ಗಳಿಗೆ ಬಿಟ್ಟು ಸುಮ್ಮನಿದ್ದೇವೆ. ಆದರೆ ಅದು ನಾವೂ ಬಾಯಿ ಹಾಕಬೇಕಾದ ರಾಜಕೀಯ ಪ್ರಶ್ನೆ.

ರೈಲ್ವೆ ನಿಲ್ದಾಣದಲ್ಲಿ ನಿಂತು ವೈಫೈ ಆನ್ ಮಾಡಿ. ಒಂದು ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ. ಮೊಬೈಲ್ ನಂಬರ್ ಹಾಕಿ, ಒಟಿಪಿ ಬರುತ್ತೆ, ಅದನ್ನು ಒತ್ತಿ, ಮುಗೀತು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ಏನೇನಾಯ್ತು ಅಂತ ಯಾರೂ ಕೇಳಲ್ಲ, ಎಲ್ಲರಿಗೂ ಅರ್ಜೆಂಟು. ಅಷ್ಟರಲ್ಲಿ ಎಲ್ಲೋ ಇರುವ ಒಂದು ಸರ್ವರ್ ನಿಮ್ಮ ನಂಬರ್, ನಿಮ್ಮ ಫೋನಿನ ಹಾರ್ಡ್‌ವೇರ್ ವಿಳಾಸ, ನೀವು ನಿಂತಿರುವ ಜಾಗ, ಸಮಯ, ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ.

ಈಗ ಇದನ್ನು ಮಾತಾಡಲು ಕಾರಣ ಇದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಪ್ರಕಟಿಸಿತು. ಅದಕ್ಕೂ ಒಂದು ತಿಂಗಳ ಮೊದಲು ಟೆಲಿಕಾಂ ಸೈಬರ್ ಭದ್ರತಾ ತಿದ್ದುಪಡಿ ನಿಯಮಗಳು ಬಂದಿದ್ದವು. ಒಂದು ಮೊಬೈಲ್ ನಂಬರ್ ನಿಜಕ್ಕೂ ಯಾರದ್ದು ಅಂತ ಪರಿಶೀಲಿಸುವ ವೇದಿಕೆಗೆ ಅವು ದಾರಿ ಮಾಡಿಕೊಟ್ಟವು. ನವೆಂಬರ್ ಕೊನೆಗೆ ವಾಟ್ಸಾಪ್ ಥರದ ಆಪ್‌ಗಳು ಸಿಮ್‌ಗೆ ಅಂಟಿಕೊಂಡೇ ಕೆಲಸ ಮಾಡಬೇಕು ಎಂಬ ಸೂಚನೆಯೂ ಹೊರಬಿತ್ತು. ಒಂದು ಕೈ 'ಬೇಕಾದಷ್ಟೇ ಮಾಹಿತಿ ತಗೊಳ್ಳಿ' ಅನ್ನುತ್ತಿದೆ. ಇನ್ನೊಂದು ಕೈ ಮೊಬೈಲ್ ನಂಬರನ್ನೇ ಎಲ್ಲ ಬಾಗಿಲುಗಳ ಕೀಲಿಯಾಗಿ ಮಾಡುತ್ತಿದೆ. ಈ ಎರಡೂ ಕೈಗಳು ಡಿಕ್ಕಿ ಹೊಡೆಯುವ ಜಾಗಗಳಲ್ಲಿ ವೈಫೈ ಲಾಗಿನ್ ಪುಟವೂ ಒಂದು.

ಸಾರ್ವಜನಿಕ ವೈಫೈಗೆ ನಂಬರ್ ಕೊಡಲೇಬೇಕು ಅನ್ನುವುದು ತಂತ್ರಜ್ಞಾನದ ಅನಿವಾರ್ಯತೆ ಏನಲ್ಲ. 2008ರ ಭಯದಲ್ಲಿ ಮಾಡಿಕೊಂಡ ಒಂದು ಆಯ್ಕೆ ಅದು. ಅದಕ್ಕಿಂತ ಸುರಕ್ಷಿತವಾದ, ನಮ್ಮ ಖಾಸಗಿತನವನ್ನೂ ಗೌರವಿಸುವ ವಿಧಾನ ಇಪ್ಪತ್ತು ವರ್ಷಗಳಿಂದ ನಮ್ಮ ಕಣ್ಣೆದುರೇ ಓಡುತ್ತಿದೆ, ಬೆಂಗಳೂರಿನ ಐಐಎಸ್ಸಿ ಕ್ಯಾಂಪಸ್ಸಿನಲ್ಲೂ.

ಕಾವಲುಗಾರನ ಹಿಂದಿರುವ ಕಾವಲುಗಾರ

ಮೊದಲು ವ್ಯವಸ್ಥೆಯನ್ನ ಅರ್ಥ ಮಾಡಿಕೊಳ್ಳೋಣ. ಗೋಡೆ ಮೇಲೆ ಹಸಿರು ದೀಪ ಮಿನುಗಿಸುತ್ತಾ ಕೂತಿರುವ ವೈಫೈ ಡಬ್ಬಿಗೆ ಆಕ್ಸೆಸ್ ಪಾಯಿಂಟ್ ಅಂತಾರೆ. ದೊಡ್ಡ ಜಾಲದಲ್ಲಿ ಆ ಡಬ್ಬಿಗೆ ಯಾರನ್ನು ಒಳಗೆ ಬಿಡಬೇಕು ಅಂತ ಗೊತ್ತಿರಲ್ಲ. ಅದು ಗೇಟಿನಲ್ಲಿ ನಿಂತ ವಾಚ್‌ಮನ್ ಇದ್ದ ಹಾಗೆ. ಯಾರೋ ಬಂದರೆ ಒಳಗಿನ ಆಫೀಸಿಗೆ ಫೋನ್ ಮಾಡಿ 'ಇವರು ಬಂದಿದ್ದಾರೆ, ಬಿಡಲಾ?' ಅಂತ ಕೇಳುತ್ತದೆ. ಒಳಗಿರುವ ಆಫೀಸೇ ದೃಢೀಕರಣ ಸರ್ವರ್. ಅದು 'ಬಿಡು' ಅಂದರೆ ಇಂಟರ್ನೆಟ್, 'ಬೇಡ' ಅಂದರೆ ಇಲ್ಲ.

ಈ ಇಬ್ಬರು ಮಾತಾಡಿಕೊಳ್ಳುವ ಭಾಷೆಯ ಹೆಸರು ರೇಡಿಯಸ್. ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಕಿರ್ ಅನ್ನಿಸುತ್ತಿದ್ದ ಡಯಲ್-ಅಪ್ ಕಾಲದಲ್ಲಿ, 1991ರಲ್ಲಿ, ಅಮೆರಿಕದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಇದನ್ನು ರೂಪಿಸಿತು. ಡಯಲ್-ಅಪ್ ಸತ್ತುಹೋಯ್ತು, ರೇಡಿಯಸ್ ಸಾಯಲಿಲ್ಲ. ಇವತ್ತಿಗೂ ಕಾಲೇಜು, ಕಂಪನಿ, ಬ್ರಾಡ್‌ಬ್ಯಾಂಡ್ ಕಂಪನಿಗಳ ಒಳಗೆ ಅದೇ ಓಡುತ್ತಿದೆ. 1999ರಲ್ಲಿ ಶುರುವಾದ ಫ್ರೀರೇಡಿಯಸ್ ಎಂಬ ಮುಕ್ತ ತಂತ್ರಾಂಶ ಇರುವುದರಿಂದ, ಒಂದು ಸಾಧಾರಣ ಕಂಪ್ಯೂಟರ್ ಇದ್ದರೂ ಯಾವ ಕಾಲೇಜು ಬೇಕಾದರೂ ತನ್ನದೇ ದೃಢೀಕರಣ ಸರ್ವರ್ ಇಟ್ಟುಕೊಳ್ಳಬಹುದು. ಲೈಸೆನ್ಸಿಗೆ ಒಂದು ರೂಪಾಯಿಯೂ ಬೇಕಿಲ್ಲ.

ಈ ಸರ್ವರ್ ಮೂರು ಕೆಲಸ ಮಾಡುತ್ತದೆ. ನೀವು ಯಾರು ಅಂತ ಪರೀಕ್ಷಿಸುತ್ತದೆ. ನಿಮಗೆ ಎಷ್ಟು ಬಿಡಬೇಕು ಅಂತ ತೀರ್ಮಾನಿಸುತ್ತದೆ. ಮೂರನೆಯದಾಗಿ, ಲೆಕ್ಕ ಬರೆದಿಡುತ್ತದೆ: ಯಾವಾಗ ಬಂದಿರಿ, ಯಾವ ಡಬ್ಬಿಯ ಹತ್ತಿರ ಇದ್ದಿರಿ, ಎಷ್ಟು ಡೇಟಾ ಬಳಸಿದಿರಿ, ಯಾವಾಗ ಹೋದಿರಿ. ನೀವು ಯಾವ ವೆಬ್‌ಸೈಟ್ ನೋಡಿದಿರಿ ಅನ್ನೋದು ಈ ಪುಸ್ತಕದಲ್ಲಿ ಇರುವುದಿಲ್ಲ, ಅದು ಫೈರ್‌ವಾಲ್‌ನಲ್ಲಿ ಇರುತ್ತದೆ. ಆದರೆ ಆ ಪುಸ್ತಕವನ್ನೂ ಈ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರೆ ಯಾವ ಮನುಷ್ಯ ಏನು ನೋಡಿದ ಅಂತ ಜೋಡಿಸಲು ಬೇಕಾದ ಕೊಂಡಿ ಸಿಗುವುದು ಇಲ್ಲೇ.

ಅಂದರೆ ಸರ್ವರ್ ಇಡುವವರ ಮುಂದೆ ನಿಜವಾದ ಆಯ್ಕೆಗಳಿವೆ. 'ಯಾರು' ಅನ್ನುವ ಪ್ರಶ್ನೆಗೆ ಯಾವ ಉತ್ತರ ಒಪ್ಪಬೇಕು? ಲೆಕ್ಕ ಎಷ್ಟು ದಿನ ಇಡಬೇಕು? ಅದನ್ನು ಯಾರು ತೆರೆದು ನೋಡಬಹುದು? ಇವುಗಳಿಗೆ ಯಾವ ಮ್ಯಾನ್ಯುಯಲ್‌ನಲ್ಲೂ ಸಿದ್ಧ ಉತ್ತರ ಇಲ್ಲ.

2008ರಿಂದ ನಾವು ಕಲಿತ ತಪ್ಪು ಪಾಠ

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಒಂದು ಇಮೇಲ್ ಹೋಗಿತ್ತು. ಅದರ ಜಾಡು ಹಿಡಿದ ಪೊಲೀಸರು ನವಿ ಮುಂಬೈನಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆ ಬಾಗಿಲು ತಟ್ಟಿದರು. ಅವರ ವೈಫೈಗೆ ಸರಿಯಾದ ರಕ್ಷಣೆ ಇರಲಿಲ್ಲ, ಬೇರೆ ಯಾರೋ ಅದನ್ನು ಬಳಸಿಕೊಂಡಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೆಹಲಿ ಸ್ಫೋಟದ ಇಮೇಲ್ ಕೂಡ ಮುಂಬೈನ ಚೆಂಬೂರಿನ ಒಂದು ರಕ್ಷಣೆಯಿಲ್ಲದ ವೈಫೈನಿಂದ ಹೋಗಿತ್ತು.

ಇದಕ್ಕೆ ಪ್ರತಿಕ್ರಿಯೆಯಾಗಿ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಸಾರ್ವಜನಿಕ ವೈಫೈ ಬಳಸುವವರ ಫೋಟೋ ಇರುವ ಗುರುತಿನ ಚೀಟಿಯ ಪ್ರತಿ ತಗೊಳ್ಳಿ, ಇಲ್ಲವೇ ಪಾಸ್‌ವರ್ಡನ್ನು ಎಸ್ಸೆಮ್ಮೆಸ್ ಮೂಲಕ ಕಳಿಸಿ ಆ ಮೊಬೈಲ್ ನಂಬರನ್ನೇ ಗುರುತಾಗಿ ಇಟ್ಟುಕೊಳ್ಳಿ, ದಾಖಲೆ ಒಂದು ವರ್ಷ ಇರಲಿ ಅನ್ನೋದು ಅದರ ಸಾರ. ಅಂಗಡಿಯವನು ಜೆರಾಕ್ಸ್ ಪ್ರತಿ ಎಲ್ಲಿ ಇಡ್ತಾನೆ? ಎಲ್ಲರೂ ಸುಲಭದ ದಾರಿ ಹಿಡಿದರು. ಇವತ್ತು ನಾವು ನೋಡುವ ಒಟಿಪಿ ಪುಟ ಹುಟ್ಟಿದ್ದು ಹೀಗೆ.

ಗಮನಿಸಿ, ಆ ಎರಡೂ ಪ್ರಕರಣಗಳಲ್ಲಿ ಸಮಸ್ಯೆ ಇದ್ದದ್ದು ಗಾಳಿಯಲ್ಲಿ ಹರಿಯುವ ಸಂಪರ್ಕಕ್ಕೆ ಬೀಗ ಇಲ್ಲದಿರುವುದರಲ್ಲಿ. ಕಲಿಯಬೇಕಿದ್ದ ಪಾಠ: ಪ್ರತಿಯೊಬ್ಬ ಬಳಕೆದಾರನಿಗೂ ಬೇರೆ ಬೇರೆ ಬೀಗ ಕೊಡಿ. ನಾವು ಕಲಿತ ಪಾಠ: ಎಲ್ಲರ ನಂಬರ್ ಬರೆದಿಟ್ಟುಕೊಳ್ಳಿ. ಬೀಗ ಮಾತ್ರ ಇವತ್ತಿಗೂ ಇಲ್ಲ. ಒಟಿಪಿ ಕೇಳುವ ಬಹುತೇಕ ವೈಫೈಗಳು ಪಾಸ್‌ವರ್ಡ್ ಇಲ್ಲದ ತೆರೆದ ಜಾಲಗಳೇ. ನೀವು ಯಾರು ಅಂತ ಕಂಪನಿಗೆ ಗೊತ್ತಾಯ್ತು, ಆದರೆ ನಿಮ್ಮ ಫೋನಿಗೂ ಆ ಡಬ್ಬಿಗೂ ನಡುವಿನ ಗಾಳಿಯಲ್ಲಿ ವೈಫೈ ಕಡೆಯಿಂದ ಯಾವ ಗೂಢಲಿಪಿಯೂ ಇಲ್ಲ. ವೆಬ್‌ಸೈಟ್‌ಗಳು ತಾವಾಗಿಯೇ ಎಚ್‌ಟಿಟಿಪಿಎಸ್ ಬಳಸುತ್ತಿರೋದರಿಂದ ನಾವು ಬದುಕಿದ್ದೇವೆ ಅಷ್ಟೇ.

ಅವರು ನಿಮ್ಮನ್ನ ಪರೀಕ್ಷಿಸ್ತಾರೆ, ಅವರನ್ನ ಯಾರು ಪರೀಕ್ಷಿಸ್ತಾರೆ?

ಒಟಿಪಿ ಪುಟದ ದೊಡ್ಡ ದೋಷ ಇದು: ಪರೀಕ್ಷೆ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ. ನೀವು ನಿಜವಾದ ವ್ಯಕ್ತಿಯಾ ಅಂತ ಜಾಲ ಕೇಳುತ್ತದೆ. ಆ ಜಾಲ ನಿಜವಾದ ಜಾಲವಾ ಅಂತ ನಿಮ್ಮ ಫೋನ್ ಕೇಳುವುದೇ ಇಲ್ಲ. ತೆರೆದ ವೈಫೈಗೆ ಯಾರು ಬೇಕಾದರೂ ಅದೇ ಹೆಸರಿಟ್ಟು ಬ್ಯಾಗಿನಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಓಡಾಡಬಹುದು.

ಇದೇನು ಸಿನಿಮಾ ಕಥೆಯಲ್ಲ. 2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಒಬ್ಬ ವ್ಯಕ್ತಿಯ ಮೇಲೆ ಆರೋಪ ಹೊರಿಸಿದರು. ವಿಮಾನ ನಿಲ್ದಾಣಗಳಲ್ಲಿ ಮತ್ತು ವಿಮಾನದೊಳಗೇ ಅಸಲಿ ವೈಫೈ ಹೆಸರಿನಲ್ಲಿ ನಕಲಿ ಜಾಲ ಹರಡಿ, ಬಂದವರಿಂದ ಇಮೇಲ್ ಮತ್ತು ಸೋಷಿಯಲ್ ಮೀಡಿಯಾ ಲಾಗಿನ್ ಕದಿಯುತ್ತಿದ್ದ ಅನ್ನೋದು ಆರೋಪ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ 19 ರೈಲ್ವೆ ನಿಲ್ದಾಣಗಳಲ್ಲಿ ವೈಫೈ ಲಾಗಿನ್ ಪುಟ ತೆರೆದವರಿಗೆ ಇಸ್ಲಾಂ ದ್ವೇಷದ ಸಂದೇಶ ಕಂಡಿತು. ಪುಟವನ್ನು ಯಾರೋ ಬದಲಾಯಿಸಿದ್ದರು. ಜಾಲವನ್ನು ನಂಬಿ ತೆರೆದ ಪುಟದಲ್ಲಿ ನಾವು ನೋಡುವುದು, ಬರೆಯುವುದು ಎಲ್ಲವೂ ಆ ಪುಟ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ನಮ್ಮಲ್ಲಿ ನಂಬರ್ ಕೇಳುವ ಪುಟಕ್ಕೆ ನಂಬರ್, ಒಟಿಪಿ ಎರಡನ್ನೂ ಹಿಂದುಮುಂದು ನೋಡದೆ ಒತ್ತುವ ಅಭ್ಯಾಸವನ್ನ ಸರ್ಕಾರವೇ ಕಲಿಸಿದೆ. ಒಂದು ಕಡೆ 'ಒಟಿಪಿ ಯಾರಿಗೂ ಹೇಳಬೇಡಿ' ಅಂತ ಜಾಹೀರಾತು, ಇನ್ನೊಂದು ಕಡೆ ಅಪರಿಚಿತ ಪುಟದಲ್ಲಿ ದಿನಾ ಒಟಿಪಿ ಒತ್ತಿಸುವ ವ್ಯವಸ್ಥೆ.

ಫೋನ್ ಅಪ್ಪನ ಹತ್ತಿರ ಇದ್ದರೆ?

ಎರಡನೇ ದೋಷ, ಹೊರಗುಳಿಯುವವರದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಫೋನ್ ಇರುವ ಮಹಿಳೆಯರು ದೇಶದಲ್ಲಿ ಶೇ. 54ರಷ್ಟು. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳ ಮಟ್ಟಿಗೆ 'ನಿಮ್ಮ ಮೊಬೈಲ್ ನಂಬರ್' ಅನ್ನುವ ಪ್ರಶ್ನೆಯೇ ತಪ್ಪು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಟ್ಯಾಬ್ಲೆಟ್ ಹಿಡಿದು ಓದಲು ಬರುವ ಹುಡುಗಿಯನ್ನ ಊಹಿಸಿಕೊಳ್ಳಿ. ಅಲ್ಲಿನ ವೈಫೈ ಒಟಿಪಿ ಕೇಳಿದರೆ, ಆ ಒಟಿಪಿ ಹೋಗೋದು ಹೊಲದಲ್ಲೋ ಪೇಟೆಯಲ್ಲೋ ಇರುವ ಅಪ್ಪನ ಫೋನಿಗೆ. ಅವಳು ಇಂಟರ್ನೆಟ್ ಬಳಸಬೇಕಾದರೆ ಪ್ರತಿ ಸಲ ಮನೆಯ ಗಂಡಸಿನ ಅನುಮತಿ ಬೇಕು ಅನ್ನುವ ನಿಯಮವನ್ನು ಯಾರೂ ಬರೆದಿಲ್ಲ. ಆದರೂ ಆ ಸರ್ವರ್ ಅದನ್ನೇ ಜಾರಿ ಮಾಡುತ್ತದೆ. ಲೈಬ್ರರಿ ಕಾರ್ಡಿನ ನಂಬರನ್ನೇ ಲಾಗಿನ್ ಆಗಿ ಒಪ್ಪಿಕೊಳ್ಳುವಂತೆ ಅದೇ ಸರ್ವರನ್ನು ಹೊಂದಿಸಬಹುದು. ಕೆಲವು ಸಾಲು ಬದಲಾಯಿಸಿದರೆ ಸಾಕು, ಬದಲಾಯಿಸಬೇಕು ಅಂತ ಯಾರಿಗಾದರೂ ಅನ್ನಿಸಬೇಕು.

ಸಾರ್ವಜನಿಕ ವೈಫೈ ಏನು ಮಾಡಬಲ್ಲದು ಅನ್ನುವುದಕ್ಕೆ ನೆರೆಯ ಕೇರಳದ ಉದಾಹರಣೆ ಇದೆ. ಎರ್ನಾಕುಲಂ ರೈಲ್ವೆ ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ ಯುವಕನೊಬ್ಬ ನಿಲ್ದಾಣದ ಉಚಿತ ವೈಫೈ ಬಳಸಿ, ಕೆಲಸ ಮಾಡುತ್ತಲೇ ಪಾಠ ಕೇಳಿಸಿಕೊಂಡು ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾಗಿದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಬಾಗಿಲು ಅಗಲವಾದಷ್ಟೂ ಇಂಥವರು ಹೆಚ್ಚುತ್ತಾರೆ. ಹಾಗಾಗಿ ಬಾಗಿಲಲ್ಲಿ ಏನು ಕೇಳುತ್ತೇವೆ ಅನ್ನೋದು ಸಣ್ಣ ವಿಷಯವಲ್ಲ.

ಲಾಗ್ ಅನ್ನೋ ಅಸ್ತ್ರ

ಮೂರನೆಯದು, ಬರೆದಿಟ್ಟ ಲೆಕ್ಕದ ಬಳಕೆ. 2022ರ ಏಪ್ರಿಲ್ 28ರಂದು ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಎಲ್ಲ ಐಟಿ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಡಬೇಕು. ಕನಿಷ್ಠ ಇಷ್ಟು ಇಡಿ ಅಂತ ಹೇಳುವವರು ಇದ್ದಾರೆ. ಅವಧಿ ಮುಗಿದ ಮೇಲೆ ಅಳಿಸಿದಿರಾ ಅಂತ ಬಂದು ಕೇಳುವವರು ಇಲ್ಲ. ಡಿಸ್ಕ್ ಅಗ್ಗ, ಅಳಿಸುವುದಕ್ಕೆ ಶ್ರಮ ಬೇಕು. ಹಾಗಾಗಿ ಲಾಗ್ ಉಳಿದೇ ಉಳಿಯುತ್ತದೆ.

ಕಾಲೇಜು ಹಾಸ್ಟೆಲ್‌ಗೆ ಬನ್ನಿ. ಪ್ರತಿ ಮಹಡಿಗೂ ಎರಡು ಮೂರು ಆಕ್ಸೆಸ್ ಪಾಯಿಂಟ್ ಇರುತ್ತವೆ. ಯಾವ ವಿದ್ಯಾರ್ಥಿಯ ಫೋನ್ ಯಾವ ಹೊತ್ತಿಗೆ ಯಾವ ಡಬ್ಬಿಗೆ ಸೇರಿತ್ತು ಅನ್ನೋದು ದೃಢೀಕರಣ ಸರ್ವರ್‌ನಲ್ಲಿದೆ. ನಿನ್ನೆ ರಾತ್ರಿ ಮುಖ್ಯ ಗೇಟಿನ ಬಳಿ ನಡೆದ ಪ್ರತಿಭಟನೆಗೆ ಯಾರ್ಯಾರು ಹೋಗಿದ್ದರು ಅಂತ ಆಡಳಿತಕ್ಕೆ ಬೇಕಾದರೆ ಸಿಸಿಟಿವಿ ನೋಡುತ್ತಾ ಕೂರಬೇಕಿಲ್ಲ. ಗೇಟಿನ ಹತ್ತಿರದ ಡಬ್ಬಿಯ ಹೆಸರು ಹಾಕಿ ಒಂದು ಹುಡುಕಾಟ ನಡೆಸಿದರೆ ಪಟ್ಟಿ ಸಿಗುತ್ತದೆ. ಫೋನ್‌ಗಳು ಈಗ ಹಾರ್ಡ್‌ವೇರ್ ವಿಳಾಸವನ್ನು ಮರೆಮಾಚುತ್ತವೆ ನಿಜ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಅದು ತಾನಾಗಿಯೇ ಆಗುತ್ತದೆ. ಆದರೆ ನಿಮ್ಮ ಹೆಸರಲ್ಲೇ ಲಾಗಿನ್ ಆದ ಮೇಲೆ ಆ ಮರೆಮಾಚುವಿಕೆಯಿಂದ ಏನು ಪ್ರಯೋಜನ?

ಇದು ಅತಿಯಾದ ಕಲ್ಪನೆ ಅನ್ನುವವರು ಕಾಶ್ಮೀರದ ಕಡೆ ನೋಡಲಿ. 2019ರ ಆಗಸ್ಟ್‌ನಿಂದ ಇಂಟರ್ನೆಟ್ ಕಡಿತಗೊಂಡಿದ್ದ ಜಮ್ಮು-ಕಾಶ್ಮೀರದಲ್ಲಿ, ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ತೀರ್ಪು ಕೊಟ್ಟ ನಂತರ ಸಂಪರ್ಕ ಹಂತ ಹಂತವಾಗಿ ಮರಳಿತು. ಆದರೆ ಸ್ಥಿರ ದೂರವಾಣಿ ಇಂಟರ್ನೆಟ್‌ಗೆ ಸರ್ಕಾರಿ ಆದೇಶದಲ್ಲಿ ಒಂದು ಷರತ್ತಿತ್ತು: ಮ್ಯಾಕ್ ಬೈಂಡಿಂಗ್. ಅಂದರೆ ಮೊದಲೇ ನೋಂದಾಯಿಸಿದ ಹಾರ್ಡ್‌ವೇರ್ ವಿಳಾಸದ ಸಾಧನಕ್ಕೆ ಮಾತ್ರ ಇಂಟರ್ನೆಟ್. ಅದೂ ಸರ್ಕಾರ ಅನುಮತಿಸಿದ ವೆಬ್‌ಸೈಟ್‌ಗಳಿಗೆ ಮಾತ್ರ. ಜಾಲ ನಿರ್ವಾಹಕರ ಪಾಲಿಗೆ ಮ್ಯಾಕ್ ಬೈಂಡಿಂಗ್ ಒಂದು ಮಾಮೂಲಿ ಸೆಟ್ಟಿಂಗ್. ಆ ಆದೇಶದಲ್ಲಿ ಅದೇ ಸೆಟ್ಟಿಂಗ್ ಇಡೀ ಜನಸಮುದಾಯದ ಮೇಲಿನ ಕಡಿವಾಣವಾಯಿತು. ಅಲ್ಲಿ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ.

ಎಡುರೋಮ್ ಹೇಳುವ ಬೇರೆ ದಾರಿ

ಹಾಗಾದರೆ ಲಾಗಿನ್ನೇ ಬೇಡವಾ? ಹಾಗೆ ಹೇಳುತ್ತಿಲ್ಲ. ಬೀಗ ಇಲ್ಲದ ಮನೆ ಯಾರಿಗೂ ಒಳ್ಳೆಯದಲ್ಲ. ಬೀಗ ಹೇಗಿರಬೇಕು ಅನ್ನೋದು ವಿಷಯ.

2002ರ ಸುಮಾರಿಗೆ ಯುರೋಪಿನ ವಿಶ್ವವಿದ್ಯಾಲಯಗಳ ಮುಂದೆ ಒಂದು ಸಮಸ್ಯೆ ಇತ್ತು. ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಇನ್ನೊಂದಕ್ಕೆ ಹೋದರೆ ಅಲ್ಲಿ ವೈಫೈ ಬಳಸುವುದು ಹೇಗೆ? ನೆದರ್ಲೆಂಡ್ಸ್‌ನ ಸರ್ಫ್‌ನೆಟ್ ಸಂಸ್ಥೆಯಲ್ಲಿದ್ದ ಕ್ಲಾಸ್ ವೀರೆಂಗಾ ಒಂದು ಪ್ರಸ್ತಾವ ಮುಂದಿಟ್ಟರು. ಎಲ್ಲರ ದೃಢೀಕರಣ ಸರ್ವರ್‌ಗಳನ್ನೂ ಒಂದಕ್ಕೊಂದು ಜೋಡಿಸೋಣ. ಯಾರೂ ಯಾರ ವಿದ್ಯಾರ್ಥಿಗಳ ಪಟ್ಟಿಯನ್ನೂ ಕೇಳುವುದು ಬೇಡ. ಅದೇ ಎಡುರೋಮ್. ಇವತ್ತು 100ಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಅದನ್ನು ನಡೆಸುವುದು ಕೇಂದ್ರ ಸರ್ಕಾರದ್ದೇ ಸಂಸ್ಥೆಯಾದ ಅರ್ನೆಟ್.

ಅದು ಹೀಗೆ ಕೆಲಸ ಮಾಡುತ್ತದೆ. ಬೆಂಗಳೂರಿನ ವಿದ್ಯಾರ್ಥಿನಿ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಹೋದಳು ಅನ್ನಿ. ಅವಳ ಫೋನ್ ಅಲ್ಲಿನ ಜಾಲಕ್ಕೆ 'ನಾನು ಬೆಂಗಳೂರಿನ ಇಂಥ ಸಂಸ್ಥೆಯವಳು' ಅಂತಷ್ಟೇ ಹೇಳುತ್ತದೆ. ಹೆಸರಿನ ಜಾಗದಲ್ಲಿ 'ಅನಾಮಿಕ' ಅಂತ ಇರಬಹುದು. ಜರ್ಮನಿಯ ಸರ್ವರ್ ಆ ಕೋರಿಕೆಯನ್ನು ಬೆಂಗಳೂರಿನ ಸರ್ವರ್‌ಗೆ ದಾಟಿಸುತ್ತದೆ. ಅವಳ ಫೋನ್ ಮೊದಲು ಬೆಂಗಳೂರಿನ ಸರ್ವರ್‌ನ ಸರ್ಟಿಫಿಕೇಟ್ ನೋಡಿ 'ಇದು ನಮ್ಮ ಮನೆಯೇ' ಅಂತ ಖಚಿತ ಮಾಡಿಕೊಳ್ಳುತ್ತದೆ. ಆಮೇಲೆ ಗೂಢಲಿಪಿಯ ಸುರಂಗದ ಮೂಲಕ ನಿಜವಾದ ಹೆಸರು, ಪಾಸ್‌ವರ್ಡ್ ಹೋಗುತ್ತದೆ. ನಡುವಿನ ಯಾರಿಗೂ ಅದು ಕಾಣುವುದಿಲ್ಲ. ಬೆಂಗಳೂರು 'ನಮ್ಮವಳೇ, ಬಿಡಿ' ಅನ್ನುತ್ತದೆ. ಅವಳ ಸಂಪರ್ಕಕ್ಕೆ ಅವಳದೇ ಆದ ಪ್ರತ್ಯೇಕ ಗೂಢಲಿಪಿ ಕೀಲಿ ಸಿಗುತ್ತದೆ.

2008ರ ಪಾಠ ಇಲ್ಲಿ ಸರಿಯಾಗಿ ಕಲಿತಂತಾಯಿತು. ಪ್ರತಿಯೊಬ್ಬರಿಗೂ ಬೇರೆ ಬೀಗ ಇದೆ, ಪರೀಕ್ಷೆ ಎರಡೂ ದಿಕ್ಕಿನಲ್ಲಿ ನಡೆಯುತ್ತದೆ, ಆತಿಥೇಯ ಜಾಲಕ್ಕೆ ಹೆಸರಾಗಲೀ ನಂಬರ್ ಆಗಲೀ ಬೇಕಿಲ್ಲ.

ಎಡುರೋಮ್ ಸ್ವರ್ಗವೇನಲ್ಲ. ನೀವು ಎಲ್ಲಿಂದ ಲಾಗಿನ್ ಆಗುತ್ತಿದ್ದೀರಿ ಅನ್ನುವ ಸುಳಿವು ನಿಮ್ಮ ಮಾತೃಸಂಸ್ಥೆಗೆ ಸಿಗಬಹುದು. ಜೊತೆಗೆ, ಸೋಮಾರಿತನದಿಂದ ಕಟ್ಟಿದರೆ ಇದೂ ತೂತು ಬೀಳುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕೊಡುವ ಸೂಚನೆಯಲ್ಲಿ 'ಸರ್ಟಿಫಿಕೇಟ್: ಡು ನಾಟ್ ವ್ಯಾಲಿಡೇಟ್ ಆಯ್ಕೆ ಮಾಡಿ' ಅಂತ ಇರುತ್ತಿತ್ತು. ಮನೆಯವರಾ ಕಳ್ಳರಾ ನೋಡಬೇಡ, ಪಾಸ್‌ವರ್ಡ್ ಕೊಟ್ಟುಬಿಡು ಅಂತ ಫೋನಿಗೆ ಹೇಳಿಕೊಟ್ಟಂತೆ. 2020ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನ್‌ಗಳ ಆಂಡ್ರಾಯ್ಡ್ 11ರಿಂದ ಆ ಆಯ್ಕೆಯನ್ನೇ ಕಿತ್ತುಹಾಕಿತು. ನಿಮ್ಮ ಕಾಲೇಜಿನ ಸೂಚನೆಯಲ್ಲಿ ಆ ಸಾಲು ಇನ್ನೂ ಇದ್ದರೆ, ಸಮಸ್ಯೆ ನಿಮ್ಮ ಫೋನಿನಲ್ಲಿಲ್ಲ, ಸರ್ವರ್ ಇಟ್ಟವರಲ್ಲಿದೆ.

ಹಳೇ ಭಾಷೆಯ ಬಿರುಕು

2024ರ ಜುಲೈನಲ್ಲಿ ಅಮೆರಿಕ ಮತ್ತು ಯುರೋಪಿನ ಸಂಶೋಧಕರ ಒಂದು ತಂಡ 'ಬ್ಲಾಸ್ಟ್-ರೇಡಿಯಸ್' ಎಂಬ ದೋಷವನ್ನು ಬಯಲು ಮಾಡಿತು. ರೇಡಿಯಸ್ ತನ್ನ ಸಂದೇಶ ಅಸಲಿ ಅಂತ ಸಾಬೀತು ಮಾಡಲು ಎಂಡಿ5 ಎಂಬ ಹಳೇ ಲೆಕ್ಕಾಚಾರವನ್ನು ನಂಬಿಕೊಂಡಿದೆ. ಅದು ಮುರಿದಿದೆ ಅಂತ 2004ರಲ್ಲೇ ಚೀನಾದ ಸಂಶೋಧಕಿ ವಾಂಗ್ ಷಿಯಾವ್‌ಯುನ್ ಮತ್ತು ತಂಡ ತೋರಿಸಿಕೊಟ್ಟಿತ್ತು. ಇಪ್ಪತ್ತು ವರ್ಷ ಕಳೆದರೂ ರೇಡಿಯಸ್ ಅದನ್ನು ಬಿಟ್ಟಿರಲಿಲ್ಲ. ಡಬ್ಬಿಗೂ ಸರ್ವರ್‌ಗೂ ನಡುವಿನ ತಂತಿಯಲ್ಲಿ ಕೂರಬಲ್ಲ ದಾಳಿಕೋರ, ಸರ್ವರ್ 'ಬೇಡ' ಅಂದಿದ್ದನ್ನು 'ಬಿಡು' ಅಂತ ತಿದ್ದಬಹುದು ಅನ್ನೋದು ಈ ಶೋಧದ ತಿರುಳು.

ಇಲ್ಲೊಂದು ಕುತೂಹಲದ ಸಂಗತಿ ಇದೆ. ಎಡುರೋಮ್ ಬಳಸುವ ಇಎಪಿ ವಿಧಾನಗಳು ಈ ದಾಳಿಗೆ ಸಿಗುವುದಿಲ್ಲ, ಅವುಗಳಲ್ಲಿ ಸಂದೇಶಕ್ಕೆ ಹೆಚ್ಚುವರಿ ಮುದ್ರೆ ಕಡ್ಡಾಯ. ಸಿಗುವುದು ಪಿಎಪಿ, ಸಿಎಚ್‌ಎಪಿ ಥರದ ಸರಳ ವಿಧಾನಗಳು. ಲಾಗಿನ್ ಪುಟ ತೋರಿಸುವ ವೈಫೈಗಳ ಹಿಂದೆ ಸಾಮಾನ್ಯವಾಗಿ ಇರುವುದು ಇವೇ. ಭದ್ರತೆಯ ಹೆಸರಿನಲ್ಲಿ ತಂದ ವ್ಯವಸ್ಥೆಯೇ ಹೆಚ್ಚು ದುರ್ಬಲ. ಪರಿಹಾರ ಇದೆ: ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಮುದ್ರೆಯನ್ನ ಕಡ್ಡಾಯ ಮಾಡುವುದು, ಅದಕ್ಕಿಂತ ಒಳ್ಳೆಯದು ರೇಡಿಯಸ್ ಸಂದೇಶಗಳನ್ನು ಗೂಢಲಿಪಿಯ ಕೊಳವೆಯೊಳಗೆ ಕಳಿಸುವ ರಾಡ್‌ಸೆಕ್.

ಪಿಎಂ-ವಾಣಿ: ಅರ್ಧ ತೆರೆದ ಬಾಗಿಲು

2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ 2022ರೊಳಗೆ ದೇಶದಲ್ಲಿ 1 ಕೋಟಿ ಸಾರ್ವಜನಿಕ ವೈಫೈ ತಾಣಗಳ ಗುರಿ ಇಟ್ಟಿತ್ತು. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚಹಾ ಅಂಗಡಿ, ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು ಅನ್ನುವ ಒಳ್ಳೆಯ ಕಲ್ಪನೆ. ಕೋಟಿಯ ಗುರಿ ಎಲ್ಲೋ ಉಳಿಯಿತು, ತಾಣಗಳ ಸಂಖ್ಯೆ ಕೆಲವು ಲಕ್ಷಗಳಲ್ಲೇ ಇದೆ.

ಪಿಎಂ-ವಾಣಿಯ ವಿನ್ಯಾಸದಲ್ಲಿ ಒಂದು ಜಾಣತನ ಇದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಅಂಗಡಿಯವನು ಬೇರೆ, ಅವನ ಹಿಂದಿನ ಜಾಲ ನಡೆಸುವವರು ಬೇರೆ, ಬಳಕೆದಾರರನ್ನು ನೋಂದಾಯಿಸುವ ಆಪ್‌ನವರು ಬೇರೆ. ಎಡುರೋಮ್ ಥರವೇ ಕೆಲಸ ಹಂಚಿಕೆ. ಒಮ್ಮೆ ಆಪ್‌ನಲ್ಲಿ ನೋಂದಾಯಿಸಿದರೆ ಅಂಗಡಿಯವನಿಗೆ ನಿಮ್ಮ ಗುರುತು ಕೊಡಬೇಕಿಲ್ಲ. ಆದರೆ ಬೇರಿನಲ್ಲಿ ಮತ್ತೆ ಅದೇ ಮೊಬೈಲ್ ನಂಬರ್, ಅದೇ ಒಟಿಪಿ. ಕಳೆದ ಕೆಲವು ವರ್ಷಗಳಲ್ಲಿ ಈ ಯೋಜನೆಯ ಬಗ್ಗೆ ನಡೆದ ಚರ್ಚೆಯೆಲ್ಲ ದರದ ಬಗ್ಗೆ. 2025ರ ಜೂನ್‌ನಲ್ಲಿ ಟ್ರಾಯ್, ಈ ಸಣ್ಣ ಅಂಗಡಿಗಳಿಗೆ 200 ಎಂಬಿಪಿಎಸ್‌ವರೆಗಿನ ಸಂಪರ್ಕವನ್ನು ಮನೆ ಫೈಬರ್ ದರದ ಎರಡು ಪಟ್ಟಿಗಿಂತ ಹೆಚ್ಚಿಗೆ ಮಾರಬಾರದು ಅಂತ ಆದೇಶಿಸಿತು. ಒಳ್ಳೆಯದೇ. ಆದರೆ ಗ್ರಾಹಕ ಬಾಗಿಲಲ್ಲಿ ಏನು ಕೊಟ್ಟು ಒಳಗೆ ಬರಬೇಕು ಅನ್ನುವ ಪ್ರಶ್ನೆ ಟೇಬಲ್ ಮೇಲೆ ಬರಲೇ ಇಲ್ಲ.

'ಹಾಗಾದರೆ ಅಪರಾಧಿಗಳನ್ನ ಹಿಡಿಯೋದು ಹೇಗೆ?'

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಸೈಬರ್ ವಂಚನೆಯಿಂದ ಹಣ ಕಳೆದುಕೊಂಡವರಿಗೆ ಖಾಸಗಿತನದ ಪಾಠ ಹೇಳಿದರೆ ಸಿಟ್ಟು ಬರುತ್ತದೆ.

ಉತ್ತರ ಎಡುರೋಮ್‌ನಲ್ಲೇ ಇದೆ. ಅಲ್ಲಿ ಯಾರೂ ಸಂಪೂರ್ಣ ಅನಾಮಿಕರಲ್ಲ. ಆತಿಥೇಯ ಜಾಲದ ಬಳಿ ಸಮಯ, ಸಾಧನ, ಮಾತೃಸಂಸ್ಥೆಯ ಹೆಸರು ಇದೆ. ಮಾತೃಸಂಸ್ಥೆಯ ಬಳಿ ನಿಜವಾದ ಹೆಸರು ಇದೆ. ಅಪರಾಧ ನಡೆದರೆ ಪೊಲೀಸರು ಕಾನೂನುಬದ್ಧ ಆದೇಶ ಹಿಡಿದು ಎರಡೂ ಕಡೆ ಹೋಗಬೇಕು, ಎರಡು ತುಂಡನ್ನು ಜೋಡಿಸಬೇಕು. ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇದ್ದ ಹಾಗೆ. ಒಂದು ಕೀಲಿ ಕದ್ದವನಿಗೆ, ಒಂದು ಕಡೆ ಲಂಚ ಕೊಟ್ಟವನಿಗೆ, ಒಬ್ಬ ವಾರ್ಡನ್‌ಗೆ ಕುತೂಹಲ ಹುಟ್ಟಿದಾಗ ಬಾಗಿಲು ತೆರೆಯುವುದಿಲ್ಲ.

ಒಟಿಪಿ ವ್ಯವಸ್ಥೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಕಡೆ. ಅದೂ ಅಪರಾಧಿಗೆ ಬೇರೆಯವರ ಹೆಸರಿನ ಸಿಮ್ ಸಿಗುವ ದೇಶದಲ್ಲಿ. ಪ್ರಾಮಾಣಿಕರ ನಂಬರ್ ಮಾತ್ರ ಅಸಲಿ ಇರುವ ಪಟ್ಟಿಯಿಂದ ತನಿಖೆಗೆ ಎಷ್ಟು ಲಾಭ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸಾರಿತು. ಅದನ್ನು ಮೊಟಕು ಮಾಡುವ ಕ್ರಮ ಕಾನೂನಿನ ಬಲದ ಜೊತೆಗೆ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲೂ ಇರಬೇಕು ಅಂದಿತು. 2023ರ ದತ್ತಾಂಶ ಕಾಯ್ದೆಯ 6ನೇ ಸೆಕ್ಷನ್ ಕೂಡ, ಸಮ್ಮತಿ ಅನ್ನೋದು ಆ ಸೇವೆಗೆ ಅಗತ್ಯವಾದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ ಅನ್ನುತ್ತದೆ. ವೈಫೈ ಕೊಡಲು ನಂಬರ್ ತಾಂತ್ರಿಕವಾಗಿ ಅಗತ್ಯವೇ ಇಲ್ಲ ಅಂತ ಎಡುರೋಮ್ ಇಪ್ಪತ್ತು ವರ್ಷಗಳಿಂದ ತೋರಿಸುತ್ತಿದೆ. ಹಾಗಾದರೆ 2009ರ ಸೂಚನೆಯ ಆಲೋಚನೆಯನ್ನು 2017ರ ತೀರ್ಪಿನ ಬೆಳಕಲ್ಲಿ ಮತ್ತೆ ತೂಗಿ ನೋಡಬೇಡವೇ?

ಕೇಳಬೇಕಾದ ಐದು ಪ್ರಶ್ನೆ

ದೆಹಲಿಯ ನೀತಿ ಬದಲಾಗುವವರೆಗೆ ಕಾಯಬೇಕಿಲ್ಲ. ನಿಮ್ಮ ಕಾಲೇಜು, ಲೈಬ್ರರಿ, ಕಚೇರಿಯಲ್ಲಿ ಈಗಲೇ ಕೇಳಬಹುದಾದ ಪ್ರಶ್ನೆಗಳಿವೆ.

ಒಂದು: ನಮ್ಮ ವೈಫೈ ಲಾಗಿನ್ ಲಾಗ್ ಎಷ್ಟು ದಿನ ಇರುತ್ತದೆ, ಆಮೇಲೆ ನಿಜವಾಗಿಯೂ ಅಳಿಸುತ್ತೀರಾ?

ಎರಡು: ಅದನ್ನು ತೆರೆದು ನೋಡುವ ಅಧಿಕಾರ ಯಾರಿಗಿದೆ? ನೋಡಿದ್ದಕ್ಕೂ ದಾಖಲೆ ಇರುತ್ತದಾ? ವಾರ್ಡನ್ ಬಾಯಿಮಾತಲ್ಲಿ ಕೇಳಿದರೆ ಕೊಡುತ್ತೀರಾ, ಲಿಖಿತ ಆದೇಶ ಬೇಕಾ?

ಮೂರು: ಮೊಬೈಲ್ ಇಲ್ಲದವರು ಹೇಗೆ ಲಾಗಿನ್ ಆಗಬೇಕು?

ನಾಲ್ಕು: ನಮ್ಮ ಸರ್ವರ್‌ನ ಸರ್ಟಿಫಿಕೇಟನ್ನು ಫೋನ್ ಪರೀಕ್ಷಿಸುವಂತೆ ಸೂಚನೆ ಕೊಟ್ಟಿದ್ದೀರಾ? ಬ್ಲಾಸ್ಟ್-ರೇಡಿಯಸ್ ನಂತರ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯಾ?

ಐದು: ನಾವು ಎಡುರೋಮ್ ಸೇರಿದ್ದೇವಾ? ಇಲ್ಲದಿದ್ದರೆ ಯಾಕೆ?

ಸರ್ಕಾರಿ ಸಂಸ್ಥೆಯಾದರೆ ಮೊದಲ ಎರಡು ಪ್ರಶ್ನೆಗಳನ್ನು ಮಾಹಿತಿ ಹಕ್ಕು ಅರ್ಜಿಯಲ್ಲೇ ಹಾಕಬಹುದು. ನೀವು ಕೇಳುತ್ತಿರುವುದು ಯಾರದೋ ವೈಯಕ್ತಿಕ ಮಾಹಿತಿಯನ್ನಲ್ಲ, ಆ ಸಂಸ್ಥೆಯ ನಿಯಮವನ್ನ. 'ಅಂಥ ನಿಯಮವೇ ಇಲ್ಲ' ಅಂತ ಉತ್ತರ ಬಂದರೆ, ವಿದ್ಯಾರ್ಥಿ ಸಂಘಟನೆಗಳಿಗೆ ಹೋರಾಟದ ಮೊದಲ ಬೇಡಿಕೆ ಸಿಕ್ಕಂತೆ.

ರಾಜ್ಯ ಸರ್ಕಾರಕ್ಕೂ ಒಂದು ಮಾತು. 2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ 'ನಮ್ಮ ವೈಫೈ' ಶುರು ಮಾಡಿ ಸುದ್ದಿ ಮಾಡಿದ ರಾಜ್ಯ ಇದು. ಅರಿವು ಕೇಂದ್ರಗಳ ಸದಸ್ಯತ್ವ ಸಂಖ್ಯೆಯನ್ನೇ ಲಾಗಿನ್ ಮಾಡಿ, ಒಂದು ಊರಿನ ಗ್ರಂಥಾಲಯ ಸದಸ್ಯೆ ಇನ್ನೊಂದು ಊರಿನ ಗ್ರಂಥಾಲಯದಲ್ಲೂ ತನ್ನದೇ ಪಾಸ್‌ವರ್ಡ್‌ನಲ್ಲಿ ವೈಫೈ ಬಳಸುವಂತೆ ಮಾಡಲು ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಬಳಕೆದಾರರನ್ನು ಗುರುತಿಸಿಯೇ ಒಳಗೆ ಬಿಡುವುದರಿಂದ, ಭದ್ರತೆಯ ಕಾರಣ ಮುಂದಿಟ್ಟು ಇದನ್ನು ತಳ್ಳಿಹಾಕಲೂ ಆಗುವುದಿಲ್ಲ. ಆ ಸರ್ವರನ್ನು ಹೊಂದಿಸಲು ಕೂರುವ ಎಂಜಿನಿಯರ್‌ಗೆ 'ನಂಬರ್ ಕೇಳಬೇಡ' ಅಂತ ಲಿಖಿತವಾಗಿ ಹೇಳುವ ಒಬ್ಬ ಅಧಿಕಾರಿ ಬೇಕು. ಹಾಗೆ ಬರೆದುಕೊಡಿ ಅಂತ ಪಟ್ಟು ಹಿಡಿಯುವ ಜನ ಅದಕ್ಕೂ ಮೊದಲು ಬೇಕು.